ಎಲ್ಲ ಮರೆತು ಎದ್ದ ಸರ್ವರ್

ಜೂನ್ ೧೮, ಬುಧವಾರ. ಹಾಸನ.

ಶಾಂತಿಗ್ರಾಮದ ಡೈರಿಯಲ್ಲಿ ನಿನ್ನೆ ಸಂಜೆ ತುಂಬಿಸಿದ ಹಾಲನ್ನೆಲ್ಲ ಇವತ್ತು ಬೆಳಿಗ್ಗೆ ಮೋರಿಗೆ ಚೆಲ್ಲಿದರು. ರಾತ್ರಿ ಹಾಲಿನ ಕೂಲರ್ ಕೆಟ್ಟು ನಿಂತಿತ್ತು. ಡೈರಿಯ ಕಾರ್ಯದರ್ಶಿ ಶಶಿಕುಮಾರ್ ಅವರ ಮೊಬೈಲಿಗೆ, ಆ ಕೂಲರನ್ನು ಇಲ್ಲಿಂದಲೇ ಕಾಯುವ ನಮ್ಮ ಆಫೀಸಿನ ಸರ್ವರ್‌ನಿಂದ ಎಚ್ಚರಿಕೆ ಹೋಗಲೇ ಇಲ್ಲ.

"ಮಧ್ಯಾಹ್ನ ಮಲಗ್ಸಿ ಸಂಜೆಗೆ ಎಬ್ಬಿಸ್ತೀವಿ ಅಂದಿದ್ರಲ್ಲಮ್ಮ? ಏಳ್ನಿಲ್ವಾ ಅದು?" ಎಂದು ಕೇಳಿದರು. ಬೈದಿದ್ದರೆ ವಾಸಿಯಿತ್ತು.

ಎದ್ದಿತ್ತು, ಎಲ್ಲ ಮರೆತು ಎದ್ದಿತ್ತು. ಕರೆಂಟ್ ಉಳಿಸಲು ಮಲಗಿಸಿದಾಗ ಸರ್ವರ್ ತನ್ನ ನೆನಪನ್ನೆಲ್ಲ ಡಿಸ್ಕಿನಲ್ಲಿರುವ ಸ್ವಾಪ್ ಎಂಬ ಫೈಲಿಗೆ ಬರೆದಿಡುತ್ತದೆ. ಕಳೆದ ವಾರದ ಅಪ್‌ಡೇಟ್ ಆ ಫೈಲನ್ನು ಡಿಸ್ಕಿನಲ್ಲಿ ಬೇರೆ ಕಡೆಗೆ ಸರಿಸಿಬಿಟ್ಟಿದೆ. ಏಳುವಾಗ ಹಳೆಯ ಜಾಗದಲ್ಲಿ ಹುಡುಕಿ, ಏನೂ ಸಿಗದೆ, ಹೊಸದಾಗಿ ಶುರುವಾಗಿದೆ. ಕೂಲರ್ ಕಾಯುವ ಕೆಲಸ ಅಲ್ಲಿಗೇ ನಿಂತುಹೋಗಿದೆ.

ಜಾಗವನ್ನು ಸರಿಪಡಿಸಿದೆ. ಮಲಗಿಸಿ ಎಬ್ಬಿಸಿದರೆ ಎರಡು ಸಲ ಸರಿಯಾಗಿ ಎದ್ದಿತು. ಮೂರನೆಯ ಸಲ ಮತ್ತೆ ಎಲ್ಲ ಮರೆತಿತ್ತು. ಯಾಕೆಂದು ನನಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ. ಮಲಗಿಸುವುದೇ ಬೇಡ ಎಂದರೆ ಆಫೀಸಿನವರು ಒಪ್ಪುತ್ತಿಲ್ಲ.

ಸಂಜೆ ಶಶಿಕುಮಾರ್ ಅವರಿಗೆ ಫೋನ್ ಮಾಡಿ, ಇವತ್ತು ಇದನ್ನು ನಂಬಬೇಡಿ ಎಂದೆ.

"ಆಯ್ತು ಬುಡಮ್ಮ, ನಾನೇ ಕೂಲರ್ ತಾವ ಮನಿಕತೀನಿ. ನೀವು ಉಂಡ್ರಾ?"

ಉಂಡೆ ಎಂದು ಸುಳ್ಳು ಹೇಳಿದೆ.

ನಾಲ್ಕನೆಯ ಸಲ ಮಲಗಿಸಿ ಕೂತಿದ್ದೇನೆ. ಎಬ್ಬಿಸಲು ಕೈ ಬರುತ್ತಿಲ್ಲ. ಈ ಸಲ ಅದು ಸರಿಯಾಗಿ ಎದ್ದರೂ, ನೀವಿನ್ನು ಮನೆಗೆ ಹೋಗಿ ಮಲಗಿ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ?