ತುಂಡಾದ ಯ

ಅಪ್ಪಾ,

ನಿಮ್ಮ ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಲು ಇವತ್ತು ಶಿರ್ತಾಡಿಗೆ ಹೋಗಿದ್ದೆ. "ಅಕ್ಕ, ಹೆಸರಿಗೆ ಈ ಫಾಂಟ್ ಹಾಕ್ತೇನೆ, ಬ್ರಷ್‌ನಲ್ಲಿ ಬರೆದ ಹಾಗೆ ಉಂಟು. ಮದುವೆಗೂ ಕೋಳಿ ಅಂಗಡಿಗೂ ಈಗ ಇದೇ" ಎಂದಳು ಅಂಗಡಿಯ ಭವ್ಯಶ್ರೀ. ಕಂಪ್ಯೂಟರಿನಲ್ಲಿ 'ರುಕ್ಮಯ್ಯ' ಎಂದು ಮೂಡಿತು, ನಿಮ್ಮದೇ ಅಕ್ಷರದಲ್ಲಿ. ಅವಳಿಗೆ ಅದು ಗೊತ್ತಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಊರಿನ ಬೋರ್ಡುಗಳನ್ನೆಲ್ಲ ಬರೆದವರು ನೀವು. ನಾನು ಬ್ರಷ್ ಮುಟ್ಟಿದರೆ ಮಾತ್ರ "ಏಣಿ ಹತ್ತುವ ಕೆಲಸ ಹೆಣ್ಣುಮಕ್ಕಳಿಗೆ ಬೇಡ" ಎಂದು ಕಸಿದುಕೊಳ್ಳುತ್ತಿದ್ದಿರಿ. ಮೂಡುಬಿದಿರೆಯಿಂದ ಯಾರೋ ಡಿಸೈನರ್ ಬಂದು ನಿಮ್ಮ ಅಕ್ಷರವನ್ನೇ ಫಾಂಟ್ ಮಾಡುತ್ತೇನೆ ಎಂದದ್ದೇ ತಡ, ಜಗಲಿಯಲ್ಲಿ ಕೂತು ಅಕ್ಷರಮಾಲೆ ಪೂರ್ತಿ ಬರೆದುಕೊಟ್ಟಿರಿ. ಅವನು ಯಾವ ಏಣಿಯನ್ನೂ ಹತ್ತಬೇಕಾಗಲಿಲ್ಲ.

ಅವತ್ತು ನೀವು 'ಯ' ಬರೆಯುತ್ತಿದ್ದಾಗ, ನನಗೂ ಕಲಿಸಿ ಎಂದು ಬಾಗಿಲಲ್ಲಿ ನಿಂತು ಕೊನೆಯ ಸಲ ಕೇಳಿದೆ. ನೀವು ಬ್ರಷ್ ಎತ್ತಿ, ನನ್ನ ಕಡೆ ತಿರುಗಿ, ಬೇಡ ಎಂದಿರಿ. ಗೆರೆ ಅಲ್ಲಿಗೇ ತುಂಡಾಯಿತು. ಕೈಬರಹದ ಅಂದವೇ ಅದು ಎಂದು ಡಿಸೈನರ್ ಹಾಗೇ ಇಟ್ಟುಕೊಂಡ. ಈಗ ಊರಿನ ಪ್ರತಿ ಫ್ಲೆಕ್ಸಿನ 'ಯ'ದಲ್ಲೂ ಆ ತುಂಡು ಇದೆ. ನಿಮ್ಮ ಹೆಸರಿನಲ್ಲೂ.

"ಇಲ್ಲಿ ಸ್ವಲ್ಪ ತುಂಡಾಗಿ ಉಂಟಲ್ಲ ಅಕ್ಕ, ಸೇರಿಸುವುದಾ?" ಎಂದು ಭವ್ಯಶ್ರೀ ಕೇಳಿದಳು.

ಬೇಡ ಎಂದೆ. ಅದು ನಿಮ್ಮ ದನಿಯಲ್ಲೇ ಬಂತು.