ಸತ್ತ ತಂಡದ ಶಾರ್ಟ್‌ಸ್ಟಾಪ್

ಜುಲೈ 7, ಸೋಮವಾರ

ಮಾತು ಕೊಟ್ಟಿದ್ದು: ಲಾಂಡ್ರಿಯ ಇಸ್ತ್ರಿ ಯಂತ್ರಗಳ ಸಾಲಿಗೆ ದೊಡ್ಡ ಫ್ಯಾನುಗಳು. ಬಂದಿಲ್ಲ.
ಮಾತು ಕೊಟ್ಟಿದ್ದು: ಸೆಕೆ ವಿಪರೀತವಾದ ದಿನ ಗಂಟೆಗೊಮ್ಮೆ ಹೊರಗೆ ನೆರಳು, ತಣ್ಣೀರು. ಕೇಳಿದರೆ — ಆಸ್ಪತ್ರೆಯ ಬೆಡ್‌ಶೀಟು ಕಾಯುವುದಿಲ್ಲವಂತೆ.
ಮಾತು ಕೊಟ್ಟಿದ್ದು: ತಲೆ ಸುತ್ತಿದರೆ ಹೇಳಿ, ಯಾರೂ ಏನೂ ಅನ್ನುವುದಿಲ್ಲ. ಜೂನ್‌ನಲ್ಲಿ ನಮ್ಮ ಜೊತೆ ಕೆಲಸದ ಇನೆಸ್ ಹೇಳಿದಳು. ಯಾರೂ ಏನೂ ಅನ್ನಲಿಲ್ಲ, ನಿಜ. ಮಾರನೆಯ ದಿನ ಅವಳನ್ನು ಕೊಳೆ ಬಟ್ಟೆ ವಿಂಗಡಿಸುವ ಕಡೆಗೆ ಹಾಕಿದರು. ರಕ್ತ, ಹೇಲು, ಒಮ್ಮೊಮ್ಮೆ ಸೂಜಿ.

ಇವತ್ತು ಬಾಯ್ಲರ್ ನೋಡಿಕೊಳ್ಳುವ ಗಸ್ ಗೋಡೆಗೆ ಒಂದು ಥರ್ಮಾಮೀಟರ್ ನೇತುಹಾಕಿದ್ದ. ಸೂಪರ್‌ವೈಸರ್ ಡೇಲ್ ಬಂದು ಕಿತ್ತುಕೊಂಡ. ಮಾರ್ಚ್‌ವರೆಗೆ ಇದೇ ಡೇಲ್ ನನ್ನೆದುರು ನಿಂತು ಶೀಟಿನ ಇನ್ನೊಂದು ತುದಿ ಹಿಡಿಯುತ್ತಿದ್ದ. ಈಗ ಕಾಲರ್ ಅಂಗಿ.

"ವಾಂಡಾ, ನಂಬರ್ ನೋಡ್ತಾ ನಿಂತ್ರೆ ಸೆಕೆ ಜಾಸ್ತಿ ಅನ್ಸುತ್ತೆ."

"ನಿನ್ ಮುಖ ನೋಡಿದ್ರೂ ಹಂಗೇ ಅನ್ಸುತ್ತೆ."

ಸಂಜೆ ಫೋನಿನಲ್ಲಿ, ನಮ್ಮ ಬೇಸ್‌ಬಾಲ್ ಲೀಗಿನ ಗ್ರೂಪಿನಲ್ಲಿ ಮಾಮೂಲಿ ಹರಟೆ. ಇನೆಸ್ ಈ ವರ್ಷ ಹೊಸಬಳು, ಇನ್ನೂ ತಲೆಬುಡ ಹತ್ತಿಲ್ಲ.

"ಇದು ಬೇಸ್‌ಬಾಲ್ ಅಂತೀರ, ನಾವು ಆಡೋದೇ ಇಲ್ವಲ್ಲ?"

ಟ್ರಕ್ ಓಡಿಸುವ ಓಡೆಲ್ ನಮ್ಮ ಲೀಗಿನ ಕಮಿಷನರ್. ಪಾಠ ಮಾಡಿದ: "ನಿಜವಾದ ಆಟಗಾರರನ್ನ ನೀನು ಆರಿಸ್ಕೊಂಡಿದೀಯ ತಾಯಿ. ಅವರು ಅಲ್ಲೆಲ್ಲೋ ಹೊಡೀತಾರೆ, ಓಡ್ತಾರೆ. ಪಾಯಿಂಟು ಇಲ್ಲಿ ನಿಂಗೆ. ಬೆವರು ಅವರದು, ಗೆಲುವು ನಿಂದು."

ಗಸ್: "ಅಂದ್ರೆ ಒಂದು ಬೇಸಿಗೆ ಮಟ್ಟಿಗೆ ನಾವೂ ಮಾಲೀಕರು."

ಎಂಟು ತಂಡ. ಗ್ರೂಪಿನಲ್ಲಿ ಯಾರ ಹೆಸರೂ ಕಾಣುವುದಿಲ್ಲ, ತಂಡದ ಹೆಸರು ಮಾತ್ರ. ಏಳು ಜೀವಂತ. ಎಂಟನೆಯದು ಹೆಣ — 'ಒದ್ದೆ ಸಾಕ್ಸ್'. ಏಪ್ರಿಲ್‌ನಿಂದ ಮುಟ್ಟಿದವರಿಲ್ಲ. ಮೊಣಕೈ ನರ ಹರಿದುಕೊಂಡು ಆಸ್ಪತ್ರೆ ಸೇರಿದ, ಚೆಂಡು ಎಸೆಯುವ ಪಿಚರ್ ಇನ್ನೂ ಆಡುವವರ ಸಾಲಿನಲ್ಲೇ ಕೂತಿದ್ದಾನೆ. ಅದರ ಎದುರು ಆಡುವ ಸರದಿ ಬಂದರೆ ಆ ವಾರ ಪುಕ್ಕಟೆ ಗೆಲುವು.

ಬೇಸ್‌ಬಾಲ್ ಮುಗಿದರೆ ಸಿನಿಮಾ. ಎರಡರ ಮಧ್ಯೆ ನಮ್ಮ ನಿಜವಾದ ಮಾತು. ಕೆಲಸದ ಜಾಗದಲ್ಲಿ ಕ್ಯಾಮೆರಾ, ಊಟದ ಕೋಣೆಯಲ್ಲಿ ಕಿವಿಗಳು. ಉಳಿದಿದ್ದು ಈ ಗ್ರೂಪ್ ಒಂದೇ. ತೀರ್ಮಾನ: ಬುಧವಾರ ಶಿಫ್ಟ್ ಮುಗಿದ ಮೇಲೆ ಬೌಲಿಂಗ್ ಹಾಲ್. ಏಳೂ ಜನ. ಒಟ್ಟಿಗೆ ಮ್ಯಾನೇಜರ್ ಎದುರು ಹೋಗಿ ನಿಲ್ಲುವುದು ಹೇಗೆ ಅಂತ.

ಜುಲೈ 9, ಬುಧವಾರ

ಮೀಟಿಂಗ್ ಆಗಲಿಲ್ಲ.

ಮಧ್ಯಾಹ್ನ ಡೇಲ್ ಬಂದ. "ಆಸ್ಪತ್ರೆ ತುಂಬಿದೆ. ಇವತ್ತು ಓವರ್‌ಟೈಮ್, ಕಡ್ಡಾಯ." ಯಾರಿಗೆ? ನನಗೆ, ಗಸ್‌ಗೆ, ಓಡೆಲ್‌ಗೆ, ಇನೆಸ್‌ಗೆ... ನಮ್ಮ ಏಳು ಜನಕ್ಕೆ. ಇಡೀ ಲಾಂಡ್ರಿಯಲ್ಲಿ ನಮಗೆ ಮಾತ್ರ.

ಕಾಕತಾಳೀಯ ಅಂದುಕೊಳ್ಳಬಹುದು. ನಾನು ಅಂದುಕೊಳ್ಳುವುದಿಲ್ಲ. ಗಾಜಿನ ಕಾರ್ಖಾನೆ ಮುಚ್ಚುವವರೆಗೆ ಅಲ್ಲಿ ಯೂನಿಯನ್ ಕೆಲಸ ಮಾಡಿದವಳು ನಾನು. ಮಾಲೀಕನಿಗೆ ಕನಸು ಬೀಳುವುದಿಲ್ಲ. ಯಾರೋ ಹೇಳಿರುತ್ತಾರೆ.

ಜುಲೈ 13, ಭಾನುವಾರ

ಮತ್ತೆ ಗ್ರೂಪಿನಲ್ಲಿ ಗೊತ್ತುಮಾಡಿದೆವು. ಈ ಸಲ ನಮ್ಮ ಚರ್ಚಿನ ನೆಲಮಾಳಿಗೆ, ಗುರುವಾರ ಸಂಜೆ.

ಓಡೆಲ್ ಮಾತಿನ ಮಧ್ಯೆ ಆ ಜಲಾಂತರ್ಗಾಮಿ ಸಿನಿಮಾ ತೆಗೆದ. ಮಂಗಳವಾರ ನೋಡಿದನಂತೆ. "ಕ್ಯಾಪ್ಟನ್ ಕೊನೆಗೆ ಸಾಯ್ತಾನೆ. ಒಳ್ಳೆ ಸಾವು. ಅಳು ಬಂತು."

ಗಸ್ ಬೈದ: "ಕೊನೆ ಯಾಕಯ್ಯ ಹೇಳಿದೆ? ಟಿಕೆಟ್ ತಗೊಂಡಿದ್ದೆ!"

ಜುಲೈ 17, ಗುರುವಾರ

ನೆಲಮಾಳಿಗೆಗೆ ನಾಲ್ವರು ಬಂದೆವು. ಅದೇ ಹೊತ್ತಿಗೆ ಲಾಂಡ್ರಿಯಲ್ಲಿ ಪಿಜ್ಜಾ. ಎಲ್ಲರಿಗೂ ಪುಕ್ಕಟೆ. ಸೂಟು ತೊಟ್ಟ ಯಾವನೋ ಬಂದು 'ನಾವೆಲ್ಲ ಒಂದೇ ಕುಟುಂಬ' ಅಂತ ಭಾಷಣ ಬಿಗಿದನಂತೆ. ಬರದಿದ್ದವರ ಹೆಸರನ್ನು ಡೇಲ್ ಬರೆದುಕೊಂಡನಂತೆ. ಹೆದರಿ ಇಬ್ಬರು ಪಿಜ್ಜಾಕ್ಕೆ ಹೋದರು.

ಓಡೆಲ್ ಎಲ್ಲಿಗೂ ಹೋಗಿಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಫೋನ್ ಸ್ವಿಚ್ ಆಫ್.

ಎರಡನೇ ಸಲ. ಯಾರೋ ಒಬ್ಬರು.

ಜುಲೈ 18, ಶುಕ್ರವಾರ

ಟ್ರಕ್‌ಗೆ ಬಟ್ಟೆ ಹೇರುವ ಡಾಕ್‌ನಲ್ಲಿ ಓಡೆಲ್‌ನನ್ನು ಹಿಡಿದು ಕೇಳಿದೆ. ಕಣ್ಣು ತಪ್ಪಿಸಿದ.

"ಸಿನಿಮಾಕ್ಕೆ ಹೋಗಿದ್ದೆ. ಮುಗಿದ ಕೂಡ್ಲೇ ಬರೋಣ ಅಂತಿದ್ದೆ... ತಡ ಆಯ್ತು."

"ಯಾವ ಸಿನಿಮಾ?"

"ಅದೇ, ರೋಬೋಟ್ ನಾಯಿದು."

"ಹೆಂಗಿದೆ?"

"ಶುರು ಚೆನ್ನಾಗಿದೆ. ಹುಡುಗಿ ಕಸದ ಗುಂಡಿಯಿಂದ ನಾಯಿನ ಎತ್ಕೊಂಡು ಬರ್ತಾಳೆ..."

"ಆಮೇಲೆ?"

"ಆಮೇಲೆ... ಸಿನಿಮಾ ಥರಾನೇ. ನೀನೇನು ಪೊಲೀಸಾ ಮುದುಕಿ?"

ನಕ್ಕ. ನಾನು ನಗಲಿಲ್ಲ.

ಜುಲೈ 19, ಶನಿವಾರ

ತಂಗಿಯ ಜೊತೆ ಜಲಾಂತರ್ಗಾಮಿ ಸಿನಿಮಾ ನೋಡಿ ಬಂದೆ. ಕ್ಯಾಪ್ಟನ್ ಸಾಯುವುದಿಲ್ಲ. ಊರಿಗೆ ಬರುತ್ತಾನೆ. ಕೊನೆಯ ದೃಶ್ಯದಲ್ಲಿ ಹಿತ್ತಲಲ್ಲಿ ಟೊಮ್ಯಾಟೊ ಗಿಡಕ್ಕೆ ನೀರು ಹಾಕುತ್ತಾನೆ.

ಓಡೆಲ್ ಆ ಸಿನಿಮಾ ನೋಡಿಲ್ಲ. ಹಾಗಾದರೆ ಮಂಗಳವಾರ ಸಂಜೆ ಎಲ್ಲಿದ್ದ? ಗುರುವಾರ ಎಲ್ಲಿದ್ದ?

ಗ್ರೂಪನ್ನು ಹಿಂದಕ್ಕೆ ತಿರುಗಿಸಿ ಓದಿದೆ. ಇಡೀ ಬೇಸಿಗೆ. ಶಾರ್ಕ್ ಸಿನಿಮಾ, ಬ್ಯಾಂಕ್ ದರೋಡೆ ಸಿನಿಮಾ, ಮುದುಕರ ಪ್ರೇಮದ ಸಿನಿಮಾ. ಪ್ರತಿಯೊಂದರಲ್ಲೂ ಮೊದಲ ಅರ್ಧ ಗಂಟೆಯನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿದ್ದಾನೆ. ಮುಂದಿನದು ಬರೀ ಊಹೆ. ಟ್ರೇಲರ್ ನೋಡಿ ಕಥೆ ಕಟ್ಟಿದ್ದಾನೆ.

ಮನಸ್ಸು ಒಪ್ಪುತ್ತಿಲ್ಲ. ನನ್ನ ಗಂಡ ಸತ್ತಾಗ ಮಣ್ಣಿಗೆ ಹೆಗಲು ಕೊಟ್ಟವನು ಅವನು. ಆದರೆ ಮನಸ್ಸು ಒಪ್ಪದ ಕಡೆಯೇ ಅವರು ಮನುಷ್ಯನನ್ನು ಕೊಳ್ಳುವುದು. ಗಾಜಿನ ಕಾರ್ಖಾನೆಯಲ್ಲೂ ಹೀಗೇ ಆಗಿತ್ತು.

ಮುಂದಿನ ಮೀಟಿಂಗಿನ ಜಾಗ ಇಲ್ಲಿಯೂ ಬರೆಯುವುದಿಲ್ಲ.

ಜುಲೈ 22, ಮಂಗಳವಾರ

ಹೇಳಿಬಿಟ್ಟೆ. ಡಾಕ್‌ನಲ್ಲಿ, ಎಲ್ಲರೆದುರು.

"ಕಮಿಷನರ್ ಸಾಹೇಬ್ರೆ, ಕ್ಯಾಪ್ಟನ್ ಸತ್ನಾ?"

"ಏನು?"

"ಸತ್ತಿಲ್ಲ ಕಣೋ. ಟೊಮ್ಯಾಟೊ ಬೆಳೀತಿದಾನೆ. ನೀನು ಸಿನಿಮಾಕ್ಕೂ ಹೋಗಿಲ್ಲ, ಮೀಟಿಂಗಿಗೂ ಬರಲಿಲ್ಲ. ಆಫೀಸಿನಲ್ಲಿ ಏನು ಕೊಡ್ತಾರೆ ನಿಂಗೆ? ಎಸಿ ಇರೋ ಟ್ರಕ್ಕಾ?"

ಅವನು ಕೈಗವಸು ಕಳಚಿದ.

"ನೀನಾ ಇದನ್ನ ಹೇಳ್ತಿರೋದು?"

"ಹ್ಞೂಂ, ನಾನೇ."

ಟ್ರಕ್ ಹತ್ತಿ ಹೋದ. ಸಂಜೆ ಗ್ರೂಪಿನಲ್ಲಿ ಒಂದೇ ಸಾಲು ಹಾಕಿದ್ದ: "ನನ್ ತಂಡ ಬಿಟ್ಕೊಟ್ಟಿದೀನಿ. ಲೀಗು ಗಸ್ ನೋಡ್ಕೊಳ್ಳಲಿ." ಆಮೇಲೆ ಗ್ರೂಪಿನಿಂದ ಹೊರಗೆ.

ಸುದ್ದಿ ಮುಟ್ಟಿಸುತ್ತಿದ್ದ ಇಲಿ ಸಿಕ್ಕಿತು ಅಂದುಕೊಂಡೆ. ನಿದ್ದೆ ಬರಬೇಕಿತ್ತು, ಬರಲಿಲ್ಲ.

ಮಾತಿಲ್ಲದ ಗ್ರೂಪಿಗೆ ಜೀವ ತುಂಬಲು ಗಸ್ ಏನೋ ಹಾಕಿದ: "ಈ ವಾರ ಇನೆಸ್ ಎದುರಿಗೆ ಹೆಣ ಇದೆ. ಹೆಣಕ್ಕೂ ಸೋತ್ರೆ ನಾನು ಬಾಯ್ಲರಿಗೆ ಹಾರ್ತೀನಿ. ಅಂಥ ದರಿದ್ರ ತಂಡ ಈ ಭೂಮಿ ಮೇಲೆ ಇನ್ನೊಂದಿಲ್ಲ."

ಜುಲೈ 24, ಗುರುವಾರ

ಇನೆಸ್ ಬಿದ್ದಳು. ಕೊಳೆ ಬಟ್ಟೆಯ ರಾಶಿಯ ಮೇಲೆ, ಮುಖ ಅಡಿಯಾಗಿ. ಚರ್ಮ ಒಣಗಿ ಕೆಂಡ. ಬೆವರೇ ಇಲ್ಲ. ಬೆವರು ನಿಂತರೆ ಸಾವು ಹತ್ತಿರ ಅಂತ ನಮಗೆಲ್ಲ ಗೊತ್ತು.

ಡೇಲ್ ಅಂದ: "ಆಂಬುಲೆನ್ಸ್ ಬೇಡ. ಊಟದ ಕೋಣೆಗೆ ತಗೊಂಡು ಹೋಗಿ, ಐಸ್ ಇಡಿ."

ಹಿಂದಿನಿಂದ ಒಬ್ಬ ಬಂದು ನಮ್ಮನ್ನು ಪಕ್ಕಕ್ಕೆ ತಳ್ಳಿದ. ಓಡೆಲ್. ಮಗುವಿನ ಹಾಗೆ ಎತ್ತಿಕೊಂಡ. ಡೇಲ್ ದಾರಿಗೆ ಅಡ್ಡ ನಿಂತ.

"ಟ್ರಕ್ಕಲ್ಲಿ ಲೋಡ್ ಇದೆ ಓಡೆಲ್. ಜನಾನ ಹತ್ತಿಸೋ ಹಾಗಿಲ್ಲ."

"ಲೋಡ್ ಹೋಗ್ತಿರೋದೂ ಆಸ್ಪತ್ರೆಗೇ ಅಲ್ವಾ? ಇವಳೂ ಅಲ್ಲಿಗೇ. ಸರೀ... ದಾರಿ ಬಿಡು."

ಬಿಟ್ಟ. ಇನೆಸ್ ಬದುಕಿದಳು. ಸಂಜೆಯೊಳಗೆ ಓಡೆಲ್ ಸಸ್ಪೆಂಡ್. ಗೇಟಿನೊಳಗೆ ಕಾಲಿಡಕೂಡದು.

ಮಾರಿಕೊಂಡವನಿಗೆ ಸಸ್ಪೆಂಡ್ ಏಕೆ? ನಾಟಕವಿರಬಹುದು... ಇಷ್ಟು ಬರೆದು ಕೈ ನಿಂತಿತು. ಅನುಮಾನ ಎಷ್ಟು ಕೊಳಕಾದದ್ದು! ಒಬ್ಬಳ ಜೀವ ಉಳಿಸಿದವನ ಕೈಯನ್ನೂ ಮೂಸಿ ನೋಡುತ್ತಿದ್ದೇನೆ.

ಜುಲೈ 28, ಸೋಮವಾರ

ಕೆಲಸ ಮುಗಿಸಿ ಇನೆಸ್ ಮನೆಗೆ ಹೋದೆ. ಅವರಮ್ಮ ಉಪ್ಪು, ಸಕ್ಕರೆ, ನಿಂಬೆ ಹಾಕಿದ ನೀರು ಕುಡಿಸುತ್ತಾ ಕೂತಿದ್ದಳು. ಇನೆಸ್ ಸೋಫಾದ ಮೇಲೆ ಮಲಗಿದ್ದಳು. ಮುಖ ಬಾಡಿತ್ತು, ಬಾಯಿ ಬಾಡಿರಲಿಲ್ಲ.

"ವಾಂಡಾ, ನಾನು ಸೋತುಬಿಟ್ಟೆ!"

"ಯಾರಿಗೆ ಸೋತೆ ಮಗಳೇ?"

"ಹೆಣಕ್ಕೆ! ಪುಕ್ಕಟೆ ಗೆಲುವು ಅಂದ್ರಲ್ಲ ನೀವೆಲ್ಲ. ನಂಗೆ ಆಟ ಬರಲ್ಲ ಅಂತ ತಮಾಷೆ ಮಾಡಿದ್ರಾ? ಗಸ್‌ಗೆ ಹೇಳಿ, ಬಾಯ್ಲರಿಗೆ ಹಾರ್ಬೇಕು ಅಂತ."

"ಹೆಣ ಹೆಂಗಮ್ಮಾ ಗೆಲ್ಲುತ್ತೆ?"

ಫೋನ್ ಚಾಚಿದಳು. ನೋಡಿದೆ. ಒದ್ದೆ ಸಾಕ್ಸ್. ಮೊಣಕೈ ಹರಿದ ಪಿಚರ್ ಜಾಗ ಖಾಲಿಮಾಡಿದ್ದ. ಅವನ ಬದಲು ಡೆಟ್ರಾಯಿಟ್‌ನ ಹೊಸ ಹುಡುಗ, ಈ ವಾರ ಎರಡು ಸಲ ಎಸೆಯುವ ಸರದಿ ಇದ್ದವನು. ಎರಡನೇ, ಮೂರನೇ ಬೇಸ್ ನಡುವೆ ಕಾಯಲು ಹೊಸ ಶಾರ್ಟ್‌ಸ್ಟಾಪ್, ಯಾರ ಕಣ್ಣಿಗೂ ಬಿದ್ದಿರದವನು, ಶುಕ್ರವಾರ ಎರಡು ಹೋಂ ರನ್ ಹೊಡೆದವನು. ಇದು ತಾನಾಗಿ ಆಗುವಂಥದ್ದಲ್ಲ. ಆಟ ಬಲ್ಲ ಕೈ. ಬದಲಾವಣೆ ಆದದ್ದು ಬುಧವಾರ ಬೆಳಿಗ್ಗೆ. ಗಸ್ 'ದರಿದ್ರ ತಂಡ' ಅಂತ ಬೈದ ಮಾರನೆಯ ದಿನ.

ಒದ್ದೆ ಸಾಕ್ಸ್ ಯಾರದು?

ಡೇಲ್‌ದು.

ಮಾರ್ಚ್‌ನಲ್ಲಿ ಓಡೆಲ್ ಗ್ಯಾರೇಜಿನಲ್ಲಿ ಆಟಗಾರರನ್ನು ಹಂಚಿಕೊಳ್ಳುವಾಗ ಅವನೂ ಇದ್ದ. ಬಿಯರ್ ತಂದಿದ್ದ. ಒಳ್ಳೆ ಶಾರ್ಟ್‌ಸ್ಟಾಪ್ ಹುಡುಕುವ ಚಪಲ ಆಗಲೂ ಇತ್ತು ಅವನಿಗೆ. ಆಮೇಲೆ ಕಾಲರ್ ಅಂಗಿ ಬಂತು, ಗ್ರೂಪಿನಲ್ಲಿ ಅವನ ಮಾತು ನಿಂತಿತು, ತಂಡ ಸತ್ತಿತು. ಸೀಸನ್ ಮಧ್ಯೆ ಯಾರನ್ನೂ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ, ಉಳಿದವರ ಸರದಿ ಕೆಡುತ್ತದೆ. ಪಟ್ಟಿಯ ತಳಕ್ಕೆ ಇಳಿದು ನೋಡುವ ಪದ್ಧತಿಯೂ ಇಲ್ಲ. ನಾಲ್ಕು ತಿಂಗಳು ನಮ್ಮ ಮಧ್ಯೆಯೇ ಬಾಯಿ ಹೊಲಿದುಕೊಂಡು ಕೂತು ಎಲ್ಲ ಓದಿದ್ದಾನೆ. ಬೌಲಿಂಗ್ ಹಾಲ್, ನೆಲಮಾಳಿಗೆ, ಎಲ್ಲ. ಎಲ್ಲವನ್ನೂ ಸಹಿಸಿಕೊಂಡವನಿಗೆ ತನ್ನ ತಂಡ ದರಿದ್ರ ಅಂದದ್ದನ್ನು ಮಾತ್ರ ಸಹಿಸಲಾಗಲಿಲ್ಲ.

ಸಂಜೆ 7

ನೇರ ಓಡೆಲ್ ಮನೆಗೆ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ಲಾಂಡ್ರಿಯ ಅದೇ ಝಳ. ಕಿಟಕಿಯ ಎಸಿ ನೆಲದ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಅದರ ಮೇಲೆ ಧೂಳು. ಇವತ್ತು ನಿನ್ನೆ ಕೆಟ್ಟದ್ದಲ್ಲ.

"ಯಾವಾಗಿಂದ ಹೀಗೆ?"

"ಮೇ ತಿಂಗಳಿಂದ."

"ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ಹಗಲೆಲ್ಲ ಬೇಯ್ತೀನಿ, ಮನೇಲೂ ಬೇಯ್ತೀನಿ, ಮಲಗೋಕೆ ಟಾಕೀಸಿಗೆ ಹೋಗ್ತೀನಿ ಅಂತನಾ? ಈ ವಯಸ್ಸಲ್ಲಿ?"

ಆಗ ಅರ್ಥವಾಯಿತು. ಮೊದಲ ಅರ್ಧ ಗಂಟೆ. ಟಾಕೀಸಿನ ಎಸಿ ತಂಪಿಗೆ ಕಣ್ಣು ಎಳೆಯುತ್ತಿತ್ತು, ಅಷ್ಟೇ. ಆ ಗುರುವಾರ ಸಿನಿಮಾ ಮುಗಿದು, ಕಸ ಗುಡಿಸುವವನು ಬಂದು ಎಬ್ಬಿಸುವವರೆಗೆ ಮಲಗಿದ್ದನಂತೆ. ಒಬ್ಬ ಮನುಷ್ಯ ನಿದ್ದೆಗೆ ಟಿಕೆಟ್ ಕೊಳ್ಳಬೇಕು. ಅದನ್ನು ನಾನು ದ್ರೋಹ ಎಂದು ಓದಿದೆ.

ಡೇಲ್ ವಿಷಯ ಹೇಳಿದೆ. ಆಮೇಲೆ ಹೇಳಿದೆ: "ತಪ್ಪಾಯ್ತು."

"ಇಲ್ಲಿ ಯಾಕೆ ಪಿಸುಗುಡ್ತೀಯ? ಡಾಕ್‌ನಲ್ಲಿ ಜೋರಾಗಿ ಅಂದಿದ್ಯಲ್ಲ."

"ಅಲ್ಲೇ ಹೇಳ್ತೀನಿ. ಎಲ್ಲರೆದುರು."

"ನಂಗೆ ಒಳಗೆ ಬರಕ್ಕೆ ಬಿಡಲ್ಲ."

"ಗೇಟಿನ ಹತ್ರ ಹೇಳ್ತೀನಿ. ನೀನು ಹೊರಗೆ ನಿಂತ್ಕೋ."

ಅವನು ತಣ್ಣೀರು ತಂದುಕೊಟ್ಟ. ಗ್ರೂಪಿನಿಂದ ಡೇಲ್‌ನನ್ನು ಈಗಲೇ ಕಿತ್ತು ಬಿಸಾಡಲು ಗಸ್‌ಗೆ ಹೇಳುತ್ತೇನೆ ಅಂದೆ.

"ಬೇಡ. ಇರಲಿ."

"ಓದ್ತಾನಲ್ಲೋ!"

"ಓದಲಿ. ಕದ್ದು ಮಾತಾಡಿ ಮಾತಾಡಿ ನಾವು ಅವನನ್ನ ಬಿಟ್ಟು ನಮ್ಮನ್ನೇ ಹಿಡ್ಕೊಂಡ್ವಿ. ನಾವು ಕೇಳ್ತಿರೋದು ಫ್ಯಾನು, ನೀರು. ಇದನ್ನ ಯಾಕೆ ಪಿಸುಗುಡ್ಬೇಕು? ಹಾಕು ಗ್ರೂಪಿಗೆ. ಅವನೂ ನೋಡೋ ಹಂಗೆ."

ಜುಲೈ 29, ಮಂಗಳವಾರ

ಬೆಳಿಗ್ಗೆ ಗಸ್ ಓಡೆಲ್‌ನನ್ನು ಮತ್ತೆ ಗ್ರೂಪಿಗೆ ಸೇರಿಸಿದ. ಬಾಯ್ಲರ್ ವಿಷಯ ಇನೆಸ್ ನೆನಪಿಸಿದಳು. "ಸೆಕೆ ಕಮ್ಮಿ ಆಗಲಿ, ಹಾರ್ತೀನಿ" ಅಂದ.

ಪಿಜ್ಜಾಕ್ಕೆ ಹೋಗಿದ್ದ ಇಬ್ಬರನ್ನೂ ಊಟದ ಹೊತ್ತಿನಲ್ಲಿ ಕಂಡೆ. ಡೇಲ್ ನೋಡುತ್ತಾ ನಿಂತಿದ್ದ. ದನಿ ತಗ್ಗಿಸಲಿಲ್ಲ. ಇಬ್ಬರೂ ಬರುತ್ತಾರಂತೆ.

ಈಗ ಗ್ರೂಪಿಗೆ ಹಾಕಿದ್ದು, ಇಲ್ಲಿಯೂ ಇರಲಿ:

"ಒದ್ದೆ ಸಾಕ್ಸ್, ಶಾರ್ಟ್‌ಸ್ಟಾಪ್ ಚೆನ್ನಾಗಿ ಆರಿಸಿದೀಯ. ಇನೆಸ್‌ನ ಸೋಲಿಸಿದ್ದು ನೀನು. ಅವಳು ಬಿದ್ದಾಗ ಆಂಬುಲೆನ್ಸ್ ಬೇಡ ಅಂದಿದ್ದೂ ನೀನು. ಮ್ಯಾನೇಜರಿಗೆ ಇದನ್ನೂ ಓದಿ ಹೇಳು. ಫ್ಯಾನು, ನೀರು ಕೇಳೋಕೆ ಎಲ್ಲರೂ ಬರ್ತಿದೀವಿ. ನೀನೂ ಬಾ, ಶೀಟಿನ ಇನ್ನೊಂದು ತುದಿ ಹಿಡೀತಿದ್ದವನು ನೀನು."

ಕಳಿಸಿದೆ. ಹೆಣದ ಹೆಸರಿನ ಪಕ್ಕ ಮೂರು ಚುಕ್ಕಿ ಮೂಡಿದವು. ಏನೋ ಬರೆಯುತ್ತಿದ್ದಾನೆ... ಅಳಿಸಿದ. ಮತ್ತೆ ಚುಕ್ಕಿ. ಮತ್ತೆ ಇಲ್ಲ.

ಜಾಗ ಮತ್ತು ಹೊತ್ತು ಹಾಕಿದ್ದು ಓಡೆಲ್. ನಾನು ಇಲ್ಲಿ ಬಚ್ಚಿಡುವುದಿಲ್ಲ. ಲೋಡಿಂಗ್ ಡಾಕಿನ ಗೇಟು, ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ. ಗುರುವಾರ, ಜುಲೈ 31. ಮಧ್ಯಾಹ್ನ ಎರಡೂವರೆ.