ನಿನ್ನ ಹೆಸರಿನ ಬೆಂಚು

ಫರ್ಗಸ್, ಮಗನೇ,

ಇವತ್ತು ಬೆಳಿಗ್ಗೆ ಓಬನ್ ಬಂದರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರವಾಸಿಗರ ನಡುವೆ ತೂರಿಕೊಂಡು ನಿನ್ನ ಬೆಂಚಿನ ಬಳಿ ಬಂದರೆ, ಅಲ್ಲೂ ಒಂದು ಕುಟುಂಬ ಕೂತು ಬೇಕನ್ ಇಟ್ಟ ಬನ್ನು ತಿನ್ನುತ್ತಿತ್ತು. ಹಿತ್ತಾಳೆ ಫಲಕದ ಮೇಲಿನ ನಿನ್ನ ಹೆಸರಿಗೇ ಯಜಮಾನ ಬೆನ್ನು ಒರಗಿಸಿದ್ದ.

"ಅಜ್ಜೀ, ಒಂದು ಫೋಟೋ ತೆಗೀತೀರಾ?" ಎಂದ. "ಈ ಫರ್ಗಸ್ ಯಾರೋ ಪುಣ್ಯವಂತ ಕಣ್ರೀ. ಎಂಥಾ ಜಾಗ ಹಿಡ್ದಿದಾನೆ ನೋಡಿ!"

"ಸ್ವಲ್ಪ ಆಚೆ ಸರೀರಿ, ಹೆಸರು ಕಾಣ್ಲಿ," ಎಂದೆ. ಸರಿದ. ಫೋಟೋ ತೆಗೆದೆ. ಮತ್ತೆ ಒರಗಿದ.

ನಿನ್ನ ದೋಣಿ ಮುಳುಗಿದ ಮೇಲೆ ಕಡಲು ನಿನ್ನನ್ನು ವಾಪಸು ಕೊಡಲೇ ಇಲ್ಲ. ಸಮಾಧಿಯೆಂದು ನನಗಿರುವುದು ನಿನ್ನ ನೆನಪಿಗೆ ಹಾಕಿಸಿದ ಇದೊಂದು ಬೆಂಚು. ಇನ್ನೆಲ್ಲಿ ಕೂರಲಿ, ಮಗನೇ?